ಯಾರೂ ಬಾರದ ರಾತ್ರಿಯ ಖರ್ಚು

ಬೆಂಕಿ ಬೀಳದ ದಿನವೂ ಅಗ್ನಿಶಾಮಕ ಠಾಣೆಯ ಸಿಬ್ಬಂದಿಗೆ ಸಂಬಳವುಂಟು. ಮನಸ್ಸು ಹತೋಟಿ ತಪ್ಪಿದವರಿಗಾಗಿ ಹಗಲೂ ರಾತ್ರಿ ತೆರೆದಿರಬೇಕಾದ ತುರ್ತು ಕೇಂದ್ರಕ್ಕೂ ಅಂಥದೇ ಏರ್ಪಾಡು ಬೇಕು. ಆದರೆ ಅಮೆರಿಕದಲ್ಲಿ ಚಿಕಿತ್ಸೆಯ ಹಣ ಸಾಮಾನ್ಯವಾಗಿ ಹುಟ್ಟುವುದು ರೋಗಿ ಬಂದ ಮೇಲೆ, ಅವರವರ ವಿಮೆಯ ಲೆಕ್ಕದಲ್ಲಿ. ಯಾರೂ ಬಾರದ ರಾತ್ರಿ ಎಚ್ಚರವಿದ್ದ ನರ್ಸಿನ ಸಂಬಳವನ್ನು ಯಾರ ಬಿಲ್ಲಿಗೆ ಬರೆಯುವುದು?

ಅರಿಜೋನಾ ರಾಜ್ಯ ಈ ಗಂಟನ್ನು ಬಿಡಿಸಿದ್ದು ಹಣದ ಮೂಲಗಳನ್ನು ಹೆಣೆದು. ಟೂಸಾನ್ ನಗರದ ಕೇಂದ್ರವನ್ನೇ ನೋಡಿ. ಅದರ ಕಟ್ಟಡಕ್ಕೆ ಪಿಮಾ ಕೌಂಟಿ 2006ರಲ್ಲಿ ಮತದಾರರ ಒಪ್ಪಿಗೆ ಪಡೆದು ಬಾಂಡ್ ಮೂಲಕ ಸಾಲ ಎತ್ತಿತು. 2011ರಲ್ಲಿ ಬಾಗಿಲು ತೆರೆಯಿತು. ಇದು ಕೆಲಸದ ಸುಲಭ ಭಾಗ. ದಿನದಿನದ ಖರ್ಚೇ ಕಷ್ಟದ್ದು.

ಅದಕ್ಕೆ ಮುಖ್ಯ ಎಳೆ ಮೆಡಿಕೇಡ್, ಎಂದರೆ ಕಡಿಮೆ ಆದಾಯದವರಿಗಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂಡಿ ನಡೆಸುವ ವಿಮೆ. ಅದು ತನ್ನ ಫಲಾನುಭವಿಗಳಿಗೆ ಮಾತ್ರ. ವಿಮೆಯಿಲ್ಲದವರಿಗಾಗಿ ರಾಜ್ಯದ ಬೊಕ್ಕಸ, ಕೇಂದ್ರ ಸರ್ಕಾರದ ಇಡಿಗಂಟಿನ ಅನುದಾನ, ಕೌಂಟಿಯ ಪಾಲು ಸೇರುತ್ತವೆ. ಇವೆಲ್ಲ ಆ ಸೀಮೆಯ ಹೊಣೆ ಹೊತ್ತ ಒಂದೇ ಸಂಸ್ಥೆಯ ಕೈಗೆ ಬರುತ್ತವೆ. ಫೋನ್ ಎತ್ತುವವರಿಗೆ, ಮನೆಬಾಗಿಲಿಗೆ ಹೋಗುವ ತಂಡಕ್ಕೆ, ತುರ್ತು ಕೇಂದ್ರಕ್ಕೆ ಆ ಸಂಸ್ಥೆಯೇ ಹಣ ಹಂಚುತ್ತದೆ. ಹಾಗಾಗಿ ಬಂದವರ ತಲೆಯೆಣಿಕೆಗಷ್ಟೇ ಅಲ್ಲ, ಸಿದ್ಧವಾಗಿರುವುದಕ್ಕೂ ಹಣ ಕೊಡಬಹುದು.

ಕುಶಲತೆ ಇರುವುದು ಲೆಕ್ಕದ ಮೇಜಿನಲ್ಲಿ. ಎಳೆಗಳನ್ನು ಹೆಣೆಯಬೇಕು, ಬೆರೆಸಬಾರದು. ಮೆಡಿಕೇಡಿನ ಡಾಲರು ಎಲ್ಲಿ ಹೋಯಿತು, ಅನುದಾನದ್ದು ಎಲ್ಲಿ ಎಂದು ಆಡಿಟರ್ ಬಂದಾಗ ಒಂದೊಂದನ್ನೂ ಬಿಡಿಸಿ ತೋರಿಸಬೇಕು. ಇಷ್ಟು ತೊಡಕೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ. ಪೊಲೀಸರು ಕರೆತಂದ ವ್ಯಕ್ತಿಯನ್ನು ಮೊದಲು ಒಳಗೆ ಕರೆದುಕೊಳ್ಳುತ್ತಾರೆ, ವಿಮೆ ಕಾರ್ಡಿನ ಮಾತು ಆಮೇಲೆ. ಒಳಗಿನ ವ್ಯವಸ್ಥೆಯಲ್ಲೂ ನಿಯಮದ ಗುರುತಿದೆ: ನಿಗಾ ಕೊಠಡಿಯಲ್ಲಿರುವುದು ಮಂಚಗಳಲ್ಲ, ಒರಗುಕುರ್ಚಿಗಳು, ಅಲ್ಲಿನ ವಾಸ ಸಾಮಾನ್ಯವಾಗಿ 23 ಗಂಟೆಯೊಳಗೆ. ಒಂದು ದಿನ ತುಂಬದಿದ್ದರೆ ಅದು ಹೊರರೋಗಿ ಸೇವೆಯ ಲೆಕ್ಕ. ಹೆಚ್ಚಿನವರು ಆಸ್ಪತ್ರೆ ಸೇರದೆಯೇ ಮನೆಯ ದಾರಿ ಹಿಡಿಯುತ್ತಾರೆ.

ಇತರ ರಾಜ್ಯಗಳು ಇನ್ನೊಂದು ಎಳೆ ಕಂಡುಕೊಂಡಿವೆ. 988 ಎಂಬ ಮಾನಸಿಕ ತುರ್ತಿನ ಸಹಾಯವಾಣಿಗಾಗಿ 2020ರಲ್ಲಾದ ಕಾನೂನು, ಫೋನ್ ಬಿಲ್ಲಿನ ಮೇಲೆ ಪುಟ್ಟ ಶುಲ್ಕ ಹಾಕಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. 2023ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಅದು ಪ್ರತಿ ಸಂಪರ್ಕಕ್ಕೆ ತಿಂಗಳಿಗೆ 40 ಸೆಂಟ್, ಕ್ಯಾಲಿಫೋರ್ನಿಯಾದಲ್ಲಿ 8. ರೋಗಿಗಳು ಹೆಚ್ಚಲಿ, ಕಡಿಮೆಯಾಗಲಿ, ಈ ಹಣ ಏರುಪೇರಾಗದು. ನನಗೆ ಮೆಚ್ಚುಗೆಯಾದದ್ದು ಇದೇ. ತೆಳ್ಳಗಿನ ಎಳೆ ಖಾಸಗಿ ವಿಮೆಯದು. ವಾಷಿಂಗ್ಟನ್ 2022ರಲ್ಲಿ ಕಾನೂನು ಮಾಡಿ, ಮಾನಸಿಕ ತುರ್ತನ್ನೂ ತುರ್ತು ಚಿಕಿತ್ಸೆಯೆಂದೇ ಪರಿಗಣಿಸಿ ಹಣ ಕೊಡಬೇಕೆಂದು ವಿಮಾ ಕಂಪನಿಗಳಿಗೆ ವಿಧಿಸಿದೆ.