ಅಜ್ಜಿಯ ಮಾತ್ರೆ ಎಲ್ಲಿದೆ?

ಮಕ್ಕಳೇ, ನಿಮ್ಮ ಮನೆಯಲ್ಲಿ ಮಾತ್ರೆಗಳನ್ನು ಎಲ್ಲಿ ಇಡುತ್ತಾರೆ? ಒಂಬತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದೆ. "ಟಿವಿ ಮೇಲೆ ಸಾರ್", "ಕಿಟಕೀಲಿ", "ಒಲೆ ಪಕ್ಕದ ಗೂಡಲ್ಲಿ", "ನಮ್ಮಜ್ಜಿ ಎಲೆಅಡಿಕೆ ಚೀಲದಲ್ಲಿ" ಅಂತ ಉತ್ತರ ಬಂದವು. ಎಲ್ಲರೂ ನಕ್ಕೆವು. ಆದರೆ ನಾಲ್ಕೂ ತಪ್ಪು ಜಾಗಗಳೇ!

ಔಷಧಿಗೆ ಮೂರು ಶತ್ರುಗಳು: ಶಾಖ, ತೇವ, ಬೆಳಕು. ಬಹಳಷ್ಟು ಔಷಧಿಗಳ ಮೇಲೆ 25 ಅಥವಾ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪದಲ್ಲಿಡಿ ಎಂದು ಬರೆದಿರುತ್ತದೆ. ಮೇ ತಿಂಗಳಲ್ಲಿ ಕಲ್ಯಾಣದುರ್ಗದ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಿಂದೂಪುರದ ಸೆಕೆಯೂ ನಿಮಗೆ ಗೊತ್ತೇ ಇದೆ. ಹಾಗಿರುವಾಗ ಒಲೆ ಪಕ್ಕದ ಗೂಡಿನ ಗತಿ ಏನು?

ಹೃದಯದ ತೊಂದರೆ ಇರುವ ಕೆಲವರಿಗೆ ವೈದ್ಯರು ಆಸ್ಪಿರಿನ್ ಕೊಡುತ್ತಾರೆ. ತೇವ ತಗುಲಿದರೆ ಅದು ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಆಗುತ್ತದೆ. ವಿನೆಗರ್‌ನಲ್ಲಿ ಇರುವುದೂ ಇದೇ ಅಸಿಟಿಕ್ ಆಮ್ಲ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಮಾತ್ರೆ ಕೆಟ್ಟಿದೆ ಎಂದೇ ಅರ್ಥ.

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಒಂದು ಪ್ರೋಟೀನ್. ಬೆಂದ ಮೊಟ್ಟೆ ಮತ್ತೆ ಹಸಿಯಾಗದು, ಹಾಗೆಯೇ ಶಾಖಕ್ಕೆ ಕೆಟ್ಟ ಇನ್ಸುಲಿನ್ ಸರಿಹೋಗದು. ತೆರೆಯದ ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು. ಆದರೆ ಮಂಜುಗಡ್ಡೆ ಆಗುವ ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದರೆ ಅದನ್ನು ಬಳಸಲೇಬಾರದು. ಫ್ರಿಜ್ ಇಲ್ಲವೇ? ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಲ್ಲಿಡಿ. ನೀರು ಆವಿಯಾಗುವಾಗ ಶಾಖ ಹೀರುತ್ತದೆ. ನಮ್ಮ ಸೀಮೆಯ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬಾಟಲಿ ನೆನೆಯದಂತೆ ಮುಚ್ಚಿದ ಡಬ್ಬಿಯಲ್ಲಿರಲಿ. ಇದು ಫ್ರಿಜ್‌ನಷ್ಟು ತಂಪಲ್ಲ. ಆದ್ದರಿಂದ ಎಷ್ಟು ದಿನ ಇಡಬಹುದೆಂದು ವೈದ್ಯರನ್ನು ಕೇಳಿ.

ಇನ್ನೊಂದು ಅಪಾಯ ಮನೆಯ ಪುಟ್ಟ ಮಕ್ಕಳದ್ದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ನುಂಗದೆ ಜೇಬಿಗೆ ಹಾಕಿಕೊಂಡು ಹೋಗುವವರು ಇದ್ದೀರಿ, ನನಗೆ ಗೊತ್ತು! ನಿಮ್ಮ ರಕ್ತ ಹೆಚ್ಚಿಸುವ ಅದೇ ಕಬ್ಬಿಣ, ಹತ್ತಾರು ಮಾತ್ರೆ ಒಟ್ಟಿಗೆ ನುಂಗಿದರೆ ಎರಡು ವರ್ಷದ ತಂಗಿಯ ಪ್ರಾಣ ತೆಗೆಯಬಲ್ಲದು. ಗರ್ಭಿಣಿಯರ ಕೆಂಪು ಮಾತ್ರೆಯೂ ಅಷ್ಟೇ. ಮಗುವಿಗೆ ಅದು ಮಿಠಾಯಿ. ಮಾತ್ರೆಯನ್ನು "ಚಾಕಲೇಟ್" ಅಂತ ಹೇಳಿ ಯಾರಿಗೂ ಕೊಡಬೇಡಿ. ಅಕಸ್ಮಾತ್ ಮಗು ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಖಾಲಿ ಪಟ್ಟಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಮಗು ಆಡಿಕೊಂಡಿದ್ದರೂ ತಡಮಾಡಬೇಡಿ.

ಮನೆಯಲ್ಲಿ ಕನ್ನಡ, ಅಂಗಡಿ ಬೋರ್ಡು ತೆಲುಗು, ಮಾತ್ರೆ ಪಟ್ಟಿ ಇಂಗ್ಲಿಷು. ಅಜ್ಜಿ ಓದುವುದು ಹೇಗೆ? ಓದಬೇಕಾದವರು ನೀವೇ. ಈ ಭಾನುವಾರ ದೊಡ್ಡವರ ಜೊತೆ ಕೂತು ಇಷ್ಟು ಮಾಡಿ:

1. ಅವಧಿ ಮುಗಿಯುವ ತಿಂಗಳು, ವರ್ಷ ಓದಿ. ಮುಗಿದಿದ್ದರೆ ಬೇರೆಯಿಡಿ.
2. ತಾರೀಖು ಇಲ್ಲದ ತುದಿಯಿಂದ ಮಾತ್ರೆ ತೆಗೆಯಲು ಹೇಳಿ. ತಾರೀಖು ಕೊನೆವರೆಗೂ ಉಳಿಯುತ್ತದೆ.
3. ಮಾತ್ರೆಗಳನ್ನು ಬಿಡಿಸಿ ಒಂದೇ ಡಬ್ಬಿಗೆ ಸುರಿಯಬೇಡಿ.
4. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯ ಔಷಧಿ. ಒಬ್ಬರದ್ದನ್ನು ಇನ್ನೊಬ್ಬರು ನುಂಗಬಾರದು.
5. ಪ್ರಯೋಗಾಲಯದ ತಾಪಮಾಪಕ ಕೇಳಿ ಪಡೆದು, ಮಧ್ಯಾಹ್ನ ಎರಡಕ್ಕೆ ಅಡುಗೆಮನೆ, ಕಿಟಕಿ, ಒಳಕೋಣೆಯ ತಾಪ ಬರೆದುಕೊಳ್ಳಿ. ಅತಿ ತಂಪಾದ, ಒಣಗಿದ, ಪುಟ್ಟ ಕೈಗೆ ಎಟುಕದ ಜಾಗವೇ ಔಷಧಿಯ ಜಾಗ.

ಸೋಮವಾರ ಆ ಅಂಕಿಗಳನ್ನು ತನ್ನಿ, ಕಪ್ಪುಹಲಗೆ ಮೇಲೆ ಬರೆಯೋಣ.