ಗಾಲಿಕುರ್ಚಿಯ ಮೆತ್ತೆಯೂ ಒತ್ತಡದ ಲೆಕ್ಕವೂ

ಕೆರೆಯಂಗಳದ ಕೆಸರಿನಲ್ಲಿ ಬರಿಗಾಲಿಟ್ಟರೆ ಕಾಲು ಹೂತುಹೋಗುತ್ತದೆ; ಹಲಗೆಯೊಂದನ್ನು ಹಾಸಿ ನಿಂತರೆ ಹೂಳುವುದಿಲ್ಲ. ಭಾರವು ಬದಲಾಗಲಿಲ್ಲ, ಅದನ್ನು ಹೊರುವ ವಿಸ್ತೀರ್ಣವು ಹೆಚ್ಚಿತು, ಆದುದರಿಂದ ಒತ್ತಡವು ಕುಗ್ಗಿತು. ಚಿಕ್ಕಬಳ್ಳಾಪುರದ ಸೀಮೆಯ ರೈತರಿಗೆ ಅನುಭವದಿಂದಲೇ ತಿಳಿದಿರುವ ಈ ತತ್ತ್ವವು ಗಾಲಿಕುರ್ಚಿಯಲ್ಲಿ ದಿನ ಕಳೆಯುವವರ ಪಾಲಿಗೆ ಜೀವರಕ್ಷಣೆಯ ಸೂತ್ರವೇ ಆಗಿದೆ.

ಮರದಿಂದ ಬಿದ್ದೋ ರಸ್ತೆಯ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಚಲನೆಯೊಡನೆ ಸ್ಪರ್ಶಜ್ಞಾನವೂ ಹೋಗುವುದುಂಟು. ಬಹಳ ಹೊತ್ತು ಕುಳಿತರೆ ನಮ್ಮನ್ನು ನೋವೇ ಹೊರಳಿಸುತ್ತದೆ. ಅವರಿಗೆ ಆ ಎಚ್ಚರಿಕೆಯಿಲ್ಲ. ಪೃಷ್ಠದ ಎರಡು ಎಲುಬಿನ ಗುಬ್ಬುಗಳ ಕೆಳಗೆ ಮಾಂಸವು ನಲುಗಿ, ರಕ್ತಸಂಚಾರವು ತಡೆದು, ಹುಣ್ಣು ಅನೇಕ ವೇಳೆ ಒಳಗಿನಿಂದಲೇ ಹುಟ್ಟುತ್ತದೆ. ಅದು ಎಲುಬನ್ನು ಮುಟ್ಟಿದರೆ ತಿಂಗಳುಗಟ್ಟಲೆ ಹಾಸಿಗೆ. ನಂಜೇರಿದರೆ ಪ್ರಾಣಕ್ಕೇ ಅಪಾಯ.

ಲೆಕ್ಕವನ್ನು ನೋಡೋಣ. 60 ಕಿಲೋಗ್ರಾಂ ತೂಕದವರು ಕುಳಿತಾಗ ಆಸನದ ಮೇಲೆ ಸುಮಾರು 45 ಕಿಲೋಗ್ರಾಂ ಭಾರ ಬೀಳುವುದೆನ್ನೋಣ. ಗಟ್ಟಿ ಹಲಗೆಯ ಮೇಲೆ ಇದನ್ನು 100 ಚದರ ಸೆಂಟಿಮೀಟರು ಹೊತ್ತರೆ, ಸರಾಸರಿ ಒತ್ತಡವು ಸುಮಾರು 330 ಮಿಲಿಮೀಟರ್ ಪಾದರಸ. ದೇಹವನ್ನು ಒಳಗೆ ಇಳಿಸಿಕೊಳ್ಳುವ ಮೆತ್ತೆಯ ಮೇಲೆ 900 ಚದರ ಸೆಂಟಿಮೀಟರು ಹೊತ್ತರೆ ಸುಮಾರು 37. ಆದರೆ 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿಯು ಬೆರಳಿನ ಲೋಮನಾಳಗಳ ಆರಂಭದಲ್ಲಿ ಕಂಡ ರಕ್ತದ ಒತ್ತಡವು ಸುಮಾರು 32 ಮಾತ್ರ! ಇದು ಎಲ್ಲರಿಗೂ ಒಂದೇ ಆದ ಗಡಿಯಲ್ಲ; ಆದರೂ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮೆತ್ತೆಯು ಒತ್ತಡವನ್ನು ಹಂಚಬಲ್ಲದು, ಇಲ್ಲವಾಗಿಸಲಾರದು. ಉಳಿದ ಕೆಲಸವನ್ನು ಗಡಿಯಾರವೇ ಮಾಡಬೇಕು.

ಹಾಗಾದರೆ ಯಾವ ಮೆತ್ತೆ? ಫೋಮ್ ಹಗುರ, ಅಗ್ಗ. ಆದರೆ ಕ್ರಮೇಣ ಜಡ್ಡುಗಟ್ಟುತ್ತದೆ. ಜೆಲ್ ಮೆತ್ತೆ ಭಾರ. ಗಾಳಿಕೋಶಗಳ ಮೆತ್ತೆ ದೇಹದ ಆಕಾರಕ್ಕೆ ಚೆನ್ನಾಗಿ ಹೊಂದುತ್ತದೆ. ಬಿಗಿಯಾಗಿ ಊದಿದರೆ ಆ ಗುಣವೇ ನಷ್ಟ, ಗಾಳಿ ಇಳಿದರೆ ಎಲುಬು ತಳಕ್ಕೆ ತಾಗುತ್ತದೆ. ನಡುವೆ ತೂತುಳ್ಳ ಬಳೆಯಾಕಾರದ ಮೆತ್ತೆ ಬೇಡ. ಅದು ಅಂಚಿನಲ್ಲಿ ಒತ್ತಿ ರಕ್ತಕ್ಕೆ ಅಡ್ಡಿಮಾಡುತ್ತದೆ. ಕುಳಿತವರ ಮೆತ್ತೆಯ ತಳಕ್ಕೆ ಅಂಗೈ ತೂರಿಸಿದಾಗ ಎಲುಬಿನ ಗುಬ್ಬು ಕೈಗೆ ತಾಗುವಂತಿದ್ದರೆ, ಅದು ಸೋತ ಮೆತ್ತೆಯೆಂದೇ ತಿಳಿಯಬೇಕು. ಬೆವರು ಚರ್ಮವನ್ನು ಮೆತುವಾಗಿಸುವುದರಿಂದ ಗಾಳಿಯಾಡುವ ಹೊದಿಕೆ ಲೇಸು. ಪಾದದಾಸರೆ ತೀರ ಎತ್ತರವಾಗಿದ್ದರೆ ತೊಡೆಯ ಪಾಲಿನ ಭಾರವೂ ಪೃಷ್ಠದ ಮೇಲೆಯೇ ಬೀಳುತ್ತದೆ.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ಲುಡ್ವಿಗ್ ಗುಟ್ಮನ್ ಹಾಸಿಗೆ ಹಿಡಿದ ರೋಗಿಗಳನ್ನು ಎರಡು ಗಂಟೆಗೊಮ್ಮೆ ಹೊರಳಿಸುವ ಶಿಸ್ತನ್ನು ತಂದರು. ಕುಳಿತವರಿಗೆ ಅವಧಿ ಇನ್ನೂ ಕಿರಿದು: 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ, ಒಂದೆರಡು ನಿಮಿಷ ಭಾರವನ್ನು ಇಳಿಸಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರಕ್ಕೆ ಕೂರುವವರಿಗೂ, ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಬೆಂಗಳೂರಿನ ಆಸ್ಪತ್ರೆಗೆ ಪಯಣಿಸುವವರಿಗೂ ಈ ನಿಯಮ ಒಂದೇ.

ದಿನಕ್ಕೊಮ್ಮೆ ಮನೆಯವರಾಗಲಿ, ಕನ್ನಡಿಯ ನೆರವಿನಿಂದ ತಾವೇ ಆಗಲಿ ಚರ್ಮವನ್ನು ಪರೀಕ್ಷಿಸಬೇಕು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಬಿಸಿ, ಗಡಸು, ಬಣ್ಣದ ವ್ಯತ್ಯಾಸಗಳನ್ನು ಕೈಯಿಂದಲೂ ಕಣ್ಣಿನಿಂದಲೂ ಅರಸಬೇಕು. ಗುರುತು ಮಾಯದಿದ್ದರೆ ಆ ಭಾಗದ ಮೇಲೆ ಕೂರದೆ ವೈದ್ಯರನ್ನು ಕಾಣಬೇಕು. ಮೆತ್ತೆಯ ಆಯ್ಕೆಗೆ ತಜ್ಞರ ಬಳಿಗೆ ದಾರಿ ತೋರಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಒಳ್ಳೆಯ ಮೆತ್ತೆ ಹುಣ್ಣನ್ನು ದೂರವಿಡಲು ನೆರವಾಗುವುದು ನಿಜ. ಆದರೆ ಅದರ ಮೇಲೆ ಕುಳಿತವರು ಅಲುಗುತ್ತಿರಬೇಕು.