ತೇವಾಂಶದ ಅಂಕಿ ಮತ್ತು ತಂತ್ರಾಂಶದ ಪರದೆ

ಅಕ್ಟೋಬರ್ ಬಂತೆಂದರೆ ಆದವಾನಿಯ ಮಾರ್ಕೆಟ್ ಯಾರ್ಡಿಗೆ ಹೊಸ ಹತ್ತಿ ಬರತೊಡಗುತ್ತದೆ. ಕೌತಾಳ, ಹೊಳಗುಂದ, ಆಲೂರು ಸೀಮೆಯ ಹತ್ತಿಯ ಜೊತೆಗೆ ಗಡಿಯಾಚೆಯ ಬಳ್ಳಾರಿ, ರಾಯಚೂರು ಕಡೆಯ ಹತ್ತಿಯೂ ಇಲ್ಲಿಗೆ ಬರುತ್ತದೆ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದಾದ ಈ ಯಾರ್ಡಿನಲ್ಲಿ ಒಂದು ವರ್ಷದ ದುಡಿಮೆಯ ಬೆಲೆ ಕೆಲವೇ ಅಂಕಿಗಳಲ್ಲಿ ತೀರ್ಮಾನವಾಗುತ್ತದೆ. ಅವುಗಳಲ್ಲಿ ರೈತರು ಹೆಚ್ಚು ಆತಂಕದಿಂದ ಕಾಯುವುದು ತೇವಾಂಶದ ಅಂಕಿಗೆ.

ಲೆಕ್ಕ ಹೀಗಿದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಉದ್ದ ಎಳೆಯ ಹತ್ತಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಇದು ಶೇ 8ರಷ್ಟು ತೇವಾಂಶ ಇರುವ ಹತ್ತಿಯ ಬೆಲೆ. ಅದಕ್ಕಿಂತ ಹೆಚ್ಚಾದ ಪ್ರತಿ ಶೇ 1ರ ತೇವಾಂಶಕ್ಕೆ ಬೆಲೆಯಲ್ಲೂ ಶೇ 1 ಕಡಿತ, ಅಂದರೆ 81 ರೂಪಾಯಿ 10 ಪೈಸೆ. ಶೇ 12 ದಾಟಿದರೆ, ಬೆಂಬಲ ಬೆಲೆಗೆ ಖರೀದಿಸುವ ಭಾರತೀಯ ಹತ್ತಿ ನಿಗಮ ಮಾಲು ಕೊಳ್ಳುವುದೇ ಇಲ್ಲ. ಶೇ 9 ಇದ್ದದ್ದು ದಾಖಲೆಯಲ್ಲಿ 12 ಆಯಿತೆನ್ನಿ, 20 ಕ್ವಿಂಟಲ್ ತಂದ ರೈತನಿಗೆ 4,866 ರೂಪಾಯಿ ನಷ್ಟ. 12 ಇದ್ದದ್ದು 13 ಆದರೆ ತಂದ ಹತ್ತಿಯೆಲ್ಲ ವಾಪಸ್.

ಅಂಕಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೆಡುತ್ತದೆ

ತೇವಾಂಶ ಅಳೆಯುವ ಮೀಟರಿನ ತತ್ವ ಸರಳ. ಒಣ ಹತ್ತಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ನೀರಿನ ಅಂಶ ಹೆಚ್ಚಿದಷ್ಟೂ ವಿದ್ಯುತ್ತಿಗೆ ದಾರಿ ಸಲೀಸಾಗುತ್ತದೆ. ರಾಶಿಯೊಳಗೆ ಚುಚ್ಚಿದ ಲೋಹದ ಕಡ್ಡಿಗಳ ನಡುವಿನ ವಿದ್ಯುತ್ ತಡೆಯನ್ನು ಅಳೆದು ಉಪಕರಣ ತೇವಾಂಶವನ್ನು ಶೇಕಡಾವಾರಿನಲ್ಲಿ ತೋರಿಸುತ್ತದೆ. ಬಿಸಿಲಿಗೆ ಒಣಗಿದ ಮೇಲ್ಪದರಕ್ಕೂ ಒತ್ತಿ ಕೂತ ಒಳಪದರಕ್ಕೂ ಅಂಕಿ ಬೇರೆ ಬೇರೆ ಬರುವುದರಿಂದ ನಾಲ್ಕಾರು ಕಡೆ ಚುಚ್ಚಿ ಸರಾಸರಿ ನೋಡಬೇಕಾಗುತ್ತದೆ.

ಮೀಟರ್ ತೋರಿಸಿದ ಅಂಕಿ ಮುಂದೆ ಕಂಪ್ಯೂಟರ್ ಪರದೆಗೆ ಹೋಗುತ್ತದೆ. 2016ರ ಏಪ್ರಿಲ್ 14ರಂದು ಆರಂಭವಾದ ಇ-ನಾಮ್ ರಾಷ್ಟ್ರೀಯ ಮಾರುಕಟ್ಟೆ ವ್ಯವಸ್ಥೆಯಲ್ಲಿ ಗೇಟಿನ ನೋಂದಣಿ, ಲಾಟ್ ಸಂಖ್ಯೆ, ಗುಣಮಟ್ಟದ ಪರೀಕ್ಷೆ, ಹರಾಜು, ತೂಕ, ಹಣ ಪಾವತಿ ಎಲ್ಲವೂ ತಂತ್ರಾಂಶದ ಮೂಲಕವೇ. 2025ರಲ್ಲಿ ಹತ್ತಿ ನಿಗಮ ರೈತರ ನೋಂದಣಿಗೆ, ಮಾಲು ತರುವ ದಿನ ಕಾದಿರಿಸುವುದಕ್ಕೆ ‘ಕಪಾಸ್ ಕಿಸಾನ್’ ಆ್ಯಪ್ ತಂದಿತು. ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬೇರ್ಪಟ್ಟ ಅರಳೆ 170 ಕಿಲೋದ ಬೇಲು ಆಗುತ್ತದೆ. ಅದರ ಎಳೆಯ ಉದ್ದ, ಗಟ್ಟಿತನ, ಬಣ್ಣ, ಕಸದ ಪ್ರಮಾಣ, ಎಳೆ ಎಷ್ಟು ನಯವೆಂದು ಹೇಳುವ ಮೈಕ್ರೊನೇರ್, ಇವಿಷ್ಟನ್ನೂ ಎಚ್‌ವಿಐ ಎಂಬ ಯಂತ್ರ ಅಳೆದು ದಾಖಲಿಸುತ್ತದೆ. ಹೊಲದಿಂದ ನೂಲಿನ ಗಿರಣಿಯವರೆಗೆ ಹತ್ತಿಯ ಗುಣದ ಕಥೆ ಬರೆಯುತ್ತಿರುವುದು ತಂತ್ರಾಂಶವೇ.

ಮೀಟರ್ ಸರಿಯಿದೆಯೇ, ಯಂತ್ರ ಸರಿಯಿದೆಯೇ ಎಂದು ನಾವು ಕೇಳುತ್ತೇವೆ. ಅಂಕಿಯನ್ನು ತುಂಬುವ ಪರದೆ ಸರಿಯಿದೆಯೇ ಎಂದು ಕೇಳುವುದು ಕಡಿಮೆ. ತುಂಬಲು ಕಷ್ಟವಾದ ಪರದೆ ಸರಿಯಾದ ಅಳತೆಯನ್ನೂ ಕೆಡಿಸಬಲ್ಲದು. ಬಳಕೆಯ ಸುಲಭತೆಯನ್ನು ಆಮೇಲೆ ಬಳಿಯುವ ಬಣ್ಣವೆಂದು ಭಾವಿಸಬಾರದು. ಅದು ಗುಣಮಟ್ಟದ ಅಳತೆಯಲ್ಲೇ ಸೇರಿದ ಭಾಗ.

ತಪ್ಪು ಬೆರಳಿನದೋ, ವಿನ್ಯಾಸದ್ದೋ

ತಪ್ಪಿನ ಬೇರು ವಿನ್ಯಾಸದಲ್ಲೂ ಇರಬಹುದೆಂಬ ಅರಿವು ವಿಜ್ಞಾನಕ್ಕೆ ಬಂದದ್ದು ಎರಡನೇ ಮಹಾಯುದ್ಧದ ವಿಮಾನಗಳಿಂದ. ಅಮೆರಿಕದ ಬಿ-17 ಬಾಂಬರ್‌ಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಎರಡು ಸ್ವಿಚ್ಚುಗಳೂ ಅಕ್ಕಪಕ್ಕದಲ್ಲಿದ್ದು ಒಂದೇ ಥರ ಇದ್ದುದನ್ನು ಗಮನಿಸಿದ ಮನೋವಿಜ್ಞಾನಿ ಅಲ್ಫಾನ್ಸ್ ಚಪಾನಿಸ್, ಒಂದರ ತುದಿಗೆ ಚಕ್ರದ ಆಕಾರ, ಇನ್ನೊಂದಕ್ಕೆ ಫ್ಲ್ಯಾಪಿನ ಆಕಾರ ಕೊಡಬೇಕೆಂದರು. ಕೈ ಮುಟ್ಟಿದರೇ ವ್ಯತ್ಯಾಸ ತಿಳಿಯುವಂತಾಯಿತು. 1947ರಲ್ಲಿ ಮನೋವಿಜ್ಞಾನಿಗಳಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಪೈಲಟ್‌ಗಳ 460 ತಪ್ಪುಗಳನ್ನು ವಿಂಗಡಿಸಿ, ಬಹಳಷ್ಟು ಎಡವಟ್ಟುಗಳ ಬೇರು ಉಪಕರಣದ ವಿನ್ಯಾಸದಲ್ಲೇ ಇದೆ ಎಂದು ತೋರಿಸಿದರು.

ಪರದೆಯ ಕಾಲಕ್ಕೂ ಇದು ಸುಳ್ಳಾಗಲಿಲ್ಲ. 2005ರ ಡಿಸೆಂಬರ್ 8ರಂದು ಜಪಾನಿನ ಮಿಜುಹೊ ಸೆಕ್ಯುರಿಟೀಸ್ ಸಂಸ್ಥೆಯಲ್ಲಿ 1 ಷೇರನ್ನು 6,10,000 ಯೆನ್‌ಗೆ ಮಾರುವ ಬದಲು 6,10,000 ಷೇರುಗಳನ್ನು ತಲಾ 1 ಯೆನ್‌ಗೆ ಮಾರುವ ಆದೇಶ ಹೋಯಿತು. ಎರಡು ಚೌಕಗಳ ಅಂಕಿಗಳು ಅದಲುಬದಲಾಗಿದ್ದವು. ಸಂಸ್ಥೆಗೆ ಸುಮಾರು 4,000 ಕೋಟಿ ಯೆನ್ ನಷ್ಟ. ಪರದೆ ಎಚ್ಚರಿಕೆ ಕೊಟ್ಟೇ ಇತ್ತು. ಆದರೆ ಸಣ್ಣಪುಟ್ಟದ್ದಕ್ಕೆಲ್ಲ ಎಚ್ಚರಿಕೆ ಬರುತ್ತಿದ್ದರೆ ನಿಜವಾದದ್ದು ಬಂದಾಗಲೂ ಬೆರಳು ಅಭ್ಯಾಸಬಲದಿಂದ ‘ಸರಿ’ ಒತ್ತಿಬಿಡುತ್ತದೆ.

ಯಾರಿಗೆ, ಯಾವ ಕೆಲಸಕ್ಕೆ, ಎಲ್ಲಿ

ಬಳಕೆಯ ಸುಲಭತೆಗೆ ಅಂತರರಾಷ್ಟ್ರೀಯ ಮಾನಕವೂ ಇದೆ: 1998ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಐಎಸ್‌ಒ 9241-11. ಕೆಲಸ ಸರಿಯಾಗಿ ಮುಗಿಯಿತೇ, ಎಷ್ಟು ಸಮಯ ಮತ್ತು ಶ್ರಮ ತಗಲಿತು, ಬಳಸಿದವರಿಗೆ ಸಮಾಧಾನವಾಯಿತೇ ಎಂಬ ಮೂರನ್ನೂ ಅದು ಕೇಳುತ್ತದೆ. ಯಾರು, ಯಾವ ಉದ್ದೇಶಕ್ಕೆ, ಎಂಥ ಪರಿಸರದಲ್ಲಿ ಬಳಸುತ್ತಾರೆ ಎಂಬುದನ್ನು ಬಿಟ್ಟು ಉತ್ತರ ಹೇಳುವಂತಿಲ್ಲ ಎನ್ನುವುದು ಅದರ ತಿರುಳು. ತಂಪು ಕೋಣೆಯಲ್ಲಿ ಸುಲಭವೆನಿಸಿದ ಪರದೆ ಯಾರ್ಡಿನ ಬಿಸಿಲಲ್ಲಿ, ಹತ್ತಿಯ ಧೂಳಿನಲ್ಲಿ, ಹಮಾಲರು ಕಾಯುತ್ತ ನಿಂತಿರುವಾಗ ಸುಲಭವಾಗಿರಬೇಕೆಂದಿಲ್ಲ.

ಇದನ್ನು ಯಾರ್ಡಿಗೆ ಅನ್ವಯಿಸಿ ನೋಡೋಣ. ತೇವಾಂಶಕ್ಕೆ ಒಂದೇ ಚೌಕ ಇದ್ದರೆ ಸರಾಸರಿಯನ್ನು ತಲೆಯಲ್ಲೇ ಹಾಕಬೇಕಾಗುತ್ತದೆ, ಇಲ್ಲವೇ ಒಂದೇ ಕಡೆ ಚುಚ್ಚಿ ಮುಗಿಸುವ ಆಸೆಯಾಗುತ್ತದೆ. ಐದು ಚೌಕ ಕೊಟ್ಟು ಸರಾಸರಿಯನ್ನು ತಂತ್ರಾಂಶವೇ ಹಾಕಿದರೆ ಸರಿಯಾದ ವಿಧಾನವೇ ಸಲೀಸಾದ ವಿಧಾನವಾಗುತ್ತದೆ. 9.5 ಬರೆಯುವಾಗ ಚುಕ್ಕಿ ಬಿಟ್ಟುಹೋಗಿ 95 ಆದರೆ ಚೌಕ ಅದನ್ನು ಒಪ್ಪಲೇಬಾರದು. ಶೇ 12ರ ಗಡಿ ದಾಟಿದಾಗ ಮಾತ್ರ, ‘ಮತ್ತೊಮ್ಮೆ ಅಳೆಯಿರಿ’ ಎಂಬ ಒಂದೇ ಸ್ಪಷ್ಟ ಮಾತು ಬರಬೇಕು.

ತಿದ್ದುವ ದಾರಿಯೂ ಅಷ್ಟೇ ಮುಖ್ಯ. ತಪ್ಪು ತಿದ್ದಲು ಮೇಲಧಿಕಾರಿಯ ಪಾಸ್‌ವರ್ಡ್, ಹತ್ತು ಕ್ಲಿಕ್ ಬೇಕಾದರೆ ಜನ ಮೊದಲು ಚೀಟಿಯಲ್ಲಿ ಬರೆದುಕೊಂಡು ಸಂಜೆ ಒಟ್ಟಿಗೆ ತುಂಬತೊಡಗುತ್ತಾರೆ. ಆಗ ಅಸಲಿ ದಾಖಲೆ ಚೀಟಿಯಲ್ಲಿ ಉಳಿದು, ತಂತ್ರಾಂಶದಲ್ಲಿ ಅದರ ನೆರಳಷ್ಟೇ ಇರುತ್ತದೆ. ಹಳೆಯ ಅಂಕಿ ಅಳಿಯದಂತೆ, ಯಾರು ಯಾವಾಗ ತಿದ್ದಿದರೆಂಬುದು ಉಳಿಯುವಂತೆ, ಸುಲಭವಾಗಿ ತಿದ್ದಲು ಬರುವುದೇ ಒಳ್ಳೆಯ ವ್ಯವಸ್ಥೆ.

ಇನ್ನು ಭಾಷೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಇಂದಿಗೂ ಈ ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿದ್ದಾರೆ. ತೆಲುಗು ಮಾತು ಸಲೀಸಾಗಿ ಬಂದರೂ ಅವರೆಲ್ಲರಿಗೂ ಅದನ್ನು ಓದುವುದು ಅಷ್ಟೇ ಸಲೀಸಾಗಿರುತ್ತದೆ ಎನ್ನುವಂತಿಲ್ಲ. ರಾಜ್ಯದ ಗಡಿ ನೋಡಿ ಭಾಷೆ ನಿರ್ಧರಿಸುವ ಆ್ಯಪ್ ಇಂಥವರನ್ನು ಕೈಬಿಡುತ್ತದೆ. ತನ್ನ ಹತ್ತಿಯ ಅಂಕಿಯನ್ನು ತಾನೇ ಓದಲಾಗದ ರೈತ ಅದನ್ನು ಪ್ರಶ್ನಿಸಲಾರ. ಪ್ರಶ್ನೆಯೇ ಏಳದಿದ್ದಲ್ಲಿ ತಪ್ಪು ಉಳಿದುಬಿಡುತ್ತದೆ.

ಕಂಡುಹಿಡಿಯುವುದು ದುಬಾರಿಯಲ್ಲ

ಇಂಥ ಕೊರತೆಗಳನ್ನು ಪತ್ತೆಮಾಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದೇ ಬಗೆಯ ಐದು ಮಂದಿ ಬಳಕೆದಾರರು ಕೆಲಸ ಮಾಡುವುದನ್ನು ಸುಮ್ಮನೆ ಕೂತು ನೋಡಿದರೆ ತೊಡಕುಗಳ ಬಹುಪಾಲು ಕಣ್ಣಿಗೆ ಬೀಳುತ್ತದೆ ಎಂದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1990ರ ದಶಕದಲ್ಲಿ ತೋರಿಸಿದರು. ರೈತರಲ್ಲಿ ಐವರು, ಅಂಕಿ ತುಂಬುವವರಲ್ಲಿ ಐವರು, ಮಿಲ್ಲಿನವರಲ್ಲಿ ಐವರು. ಅವರಿಗೆ ಹೇಳಿಕೊಡದೆ, ಎಲ್ಲಿ ತಡವರಿಸುತ್ತಾರೆ, ಎಲ್ಲಿ ಪಕ್ಕದವರನ್ನು ಕೇಳುತ್ತಾರೆ ಎಂದು ಬರೆದುಕೊಂಡರೆ ಸಾಕು.

ಮಾರುಕಟ್ಟೆ ಸಮಿತಿಗಳು, ಮಿಲ್ಲುಗಳು ತಂತ್ರಾಂಶ ಕೊಳ್ಳುವಾಗ ಈ ಪರೀಕ್ಷೆಯನ್ನು ಕರಾರಿನಲ್ಲೇ ಸೇರಿಸಬೇಕು, ಹತ್ತಿ ಬರುವ ದಿನಗಳಲ್ಲಿ ಯಾರ್ಡಿನಲ್ಲೇ ನಡೆಸಬೇಕು. ತಕ್ಕಡಿಗೆ ತಪಾಸಣೆ ಕಡ್ಡಾಯವಾಗಿರುವಾಗ, ತಕ್ಕಡಿ, ಮೀಟರು ಕೊಟ್ಟ ಅಂಕಿಯನ್ನು ಹೊತ್ತೊಯ್ಯುವ ಪರದೆಗೆ ವಿನಾಯಿತಿ ಕೊಡಲು ಕಾರಣವೇ ಇಲ್ಲ.